ಗೊತ್ತಿರುವ ಕಥೆಗೆ ಬೆಳಗಿನವರೆಗೆ ಕೂರುವುದೇಕೆ?

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವ ಕ್ರಮ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ನಟರಿಗೆ ಸಂಭಾವನೆ ಇಲ್ಲ. ನಟರೇ ಇಂತಿಷ್ಟೆಂದು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಬೇಡಿಕೆ ಜಾಸ್ತಿ, ಆದ್ದರಿಂದ ದರವೂ ಜಾಸ್ತಿ. ಒಬ್ಬ ಕೃಷ್ಣ ಸಾಲದೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನು ಹಂಚಿಕೊಳ್ಳುವುದೂ ಉಂಟು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ, ಬಾಡಿಗೆಯ ಸೀನರಿ ಬರುತ್ತದೆ, ರಾತ್ರಿ ಶುರುವಾದ ನಾಟಕ ಬೆಳಕು ಹರಿಯುವ ಹೊತ್ತಿಗೆ ಮುಗಿಯುತ್ತದೆ. ಎದುರು ಕುಳಿತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಒಬ್ಬರೂ ಇರುವುದಿಲ್ಲ. ಆದರೂ ಯಾರೂ ಎದ್ದು ಹೋಗುವುದಿಲ್ಲ.

ಇಂದಿನ ಓದುಗರು ಟ್ರೋಪ್ ಎಂದು ಕರೆಯುವ ಸಂಗತಿಯನ್ನು ವಿವರಿಸಲು ಈ ನಾಟಕದ ಅಂಗಳಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಒಂದು ಕಥೆಯಿಂದ ಇನ್ನೊಂದಕ್ಕೆ ದಾಟುತ್ತಾ ಬಂದು, ಕಂಡ ಕೂಡಲೇ ಓದುಗರು ಗುರುತಿಸಿಬಿಡುವ ಸನ್ನಿವೇಶ, ತಿರುವು ಅಥವಾ ಪಾತ್ರದ ಬಗೆ ಅದು. ಹಗೆಗಳು ಪ್ರೇಮಿಗಳಾಗುವುದು, ತೋರಿಕೆಗೆಂದು ಮದುವೆಯಾದವರು ನಿಜವಾಗಿ ಮನಸೋಲುವುದು, ರಕ್ತಸಂಬಂಧವಿಲ್ಲದ ನಾಲ್ಕು ಜನ ಒಂದು ಮನೆಯಂತಾಗುವುದು, ಹುಟ್ಟಿನ ಗುಟ್ಟು ತಡವಾಗಿ ಬಯಲಾಗುವುದು. ಪುಸ್ತಕ ವಿಮರ್ಶೆಯಲ್ಲಿ ‘ಹಳೆಯ ಸೂತ್ರ’ ಎಂದು ಬರೆದರೆ ಅದು ಬೈಗುಳ. ಆದರೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳೇ ತಮ್ಮ ಮೆಚ್ಚಿನ ಪಾತ್ರಗಳನ್ನಿಟ್ಟು ಬರೆದ ಕಥೆಗಳನ್ನು ಓದುವವರು ಅದೇ ಹಳೆಯ ಸೂತ್ರದ ಹೆಸರು ಹಿಡಿದು ಹುಡುಕುತ್ತಾರೆ, ನೂರನೆಯ ಸಲವೂ ಅದನ್ನೇ ಓದುತ್ತಾರೆ.

ಅವರಿಗೆ ರುಚಿ ಇಲ್ಲವೆಂದು ಮೂಗು ಮುರಿಯುವುದು ಸುಲಭ. ನನಗನ್ನಿಸುವುದು ಬೇರೆ: ಟ್ರೋಪ್ ಎಂದರೆ ಬರೆಯುವವರು ಓದುವವರಿಗೆ ಮೊದಲೇ ಕೊಟ್ಟ ಮಾತು. ಕೊನೆಗೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಆ ಮಾತನ್ನು ಹೇಗೆ, ಎಷ್ಟು ತಡವಾಗಿ, ಯಾವ ಬೆಲೆ ತೆತ್ತು ಉಳಿಸಿಕೊಳ್ಳುತ್ತಾರೆ ಎಂಬುದರಲ್ಲಿ ಕಸುಬು ಇದೆ, ನೋಡುವವರ ಕುತೂಹಲವೂ ಅಲ್ಲೇ ಇದೆ.

ಮರಳಿ ಮರಳಿ ಬರುವ ತುಣುಕುಗಳನ್ನು ಪಟ್ಟಿ ಮಾಡುವ ಹುಚ್ಚು ಅಂತರ್ಜಾಲದ ಕಾಲದ್ದಲ್ಲ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಜನಪದ ಕಥೆಗಳನ್ನು ವರ್ಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಅಮೆರಿಕದ ಸ್ಟಿತ್ ಥಾಂಪ್ಸನ್ ಅದನ್ನು 1928ರಲ್ಲಿ ಒಮ್ಮೆ, 1961ರಲ್ಲಿ ಮತ್ತೊಮ್ಮೆ ಹಿಗ್ಗಿಸಿದರು. ಇಡೀ ಕಥೆಗಿಂತ ಚಿಕ್ಕದಾದ ಘಟಕಗಳಿಗೆ ಬೇರೆಯೇ ಸಂಪುಟಗಳ ಸೂಚಿಯನ್ನೂ ಮಾಡಿದರು. ನಮ್ಮ ಜಾನಪದ ವಿದ್ವಾಂಸರು ಆಶಯ ಎನ್ನುವುದು ಈ ಚಿಕ್ಕ ಘಟಕವನ್ನೇ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಇನ್ನೊಂದು ದಾರಿ ಹಿಡಿದರು. ತಮ್ಮ ನಾಡಿನ ನೂರರಷ್ಟು ಮಾಯಾಕಥೆಗಳನ್ನು ಬಿಡಿಸಿ ನೋಡಿ, ಪಾತ್ರಗಳ ಹೆಸರು ಏನೇ ಇರಲಿ, ಅವು ಮಾಡುವ ಕೆಲಸಗಳು 31 ಮಾತ್ರ, ಆ ಕೆಲಸಗಳ ಸಾಲು ಕೂಡ ಬಹುಮಟ್ಟಿಗೆ ಒಂದೇ ಎಂದರು. ಮನೆ ಬಿಡುವುದು, ಪರೀಕ್ಷೆಗೆ ಒಳಗಾಗುವುದು, ಗುರುತು ಮರೆಸಿ ಮರಳುವುದು, ಕೊನೆಗೆ ಗುರುತು ಸಿಗುವುದು. ಓದಿದಾಗ ಇದು ನಮ್ಮಜ್ಜಿಯ ಕಥೆಯ ಬಗ್ಗೆಯೇ ಬರೆದದ್ದೆಂದು ಅನ್ನಿಸುವುದು ಸಹಜ.

ಹಾಗನ್ನಿಸಲು ಆಧಾರವೂ ಇದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಹಂಚಿ ಎಂಬ ಹುಡುಗಿಯ ಕಥೆಯೊಂದಿದೆ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ತೊಟ್ಟು ಮನೆ ಬಿಡುತ್ತಾಳೆ, ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ಮೈ ತೊಳೆಯಲು ಮುಖವಾಡ ತೆಗೆದ ಒಂದು ಗಳಿಗೆಯಲ್ಲಿ ಆ ಮನೆಯ ಮಗನ ಕಣ್ಣಿಗೆ ಬೀಳುತ್ತಾಳೆ. ಇದು ಸಿಂಡರೆಲಾ ಬಳಗದ ಕಥೆ ಎಂದು ರಾಮಾನುಜನ್ ತೋರಿಸಿದರು. ಗಾಜಿನ ಚಪ್ಪಲಿ ಇಲ್ಲ, ನಡುರಾತ್ರಿಯ ಗಂಟೆ ಇಲ್ಲ. ಆದರೆ ಕೊಟ್ಟ ಮಾತು ಅದೇ: ಮುಖವಾಡದ ಹಿಂದೆ ಇರುವವಳು ಯಾರೆಂದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಗೊತ್ತಾಗುವ ಗಳಿಗೆಗೆ ಕಾದಿರಿ.

ಈಗ ಅಭಿಮಾನಿಗಳ ಬರವಣಿಗೆಗೆ ಬರೋಣ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶದ ಧಾರಾವಾಹಿ ಶುರುವಾಯಿತು. ಮರುವರ್ಷವೇ ಅದರ ಅಭಿಮಾನಿಗಳು ಸ್ಪಾಕನೇಲಿಯಾ ಎಂಬ ಪತ್ರಿಕೆಯನ್ನು ತಾವೇ ಅಚ್ಚು ಹಾಕಿ ಅಂಚೆಯಲ್ಲಿ ಹಂಚತೊಡಗಿದರು. ಹಡಗಿನ ನಾಯಕ ಕರ್ಕ್ ಮತ್ತು ಅವನ ಗೆಳೆಯ ಸ್ಪಾಕ್ ನಡುವೆ ಪ್ರೇಮವಿದ್ದರೆ ಹೇಗೆ ಎಂದು ಕೆಲವರು ಬರೆದರು; ಇಬ್ಬರ ಹೆಸರಿನ ನಡುವೆ ಹಾಕುತ್ತಿದ್ದ ಓರೆಗೆರೆಯಿಂದಲೇ ಆ ಬಗೆಯ ಕಥೆಗಳಿಗೆ ಸ್ಲ್ಯಾಶ್ ಎಂಬ ಹೆಸರು ಬಂತು. ಪತ್ರಿಕೆಗಳಲ್ಲಿದ್ದದ್ದು ಅಂತರ್ಜಾಲಕ್ಕೆ ಬಂತು. 2007ರಲ್ಲಿ ಅಭಿಮಾನಿಗಳೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿದರು. ಆ ಸಂಸ್ಥೆ 2009ರಲ್ಲಿ ಸಾರ್ವಜನಿಕರಿಗೆ ತೆರೆದ ಆರ್ಕೈವ್ ಆಫ್ ಅವರ್ ಓನ್ ಎಂಬ ಭಂಡಾರ, ವಿಜ್ಞಾನ ಕಥಾಲೋಕದ ದೊಡ್ಡ ಮನ್ನಣೆಯಾದ ಹ್ಯೂಗೊ ಪ್ರಶಸ್ತಿಯನ್ನು 2019ರಲ್ಲಿ ಪಡೆಯಿತು.

ಆ ಭಂಡಾರದಲ್ಲಿ ನನಗೆ ತುಂಬ ಹಿಡಿಸಿದ್ದು ಅಲ್ಲಿನ ಟ್ಯಾಗ್‌ಗಳ ವ್ಯವಸ್ಥೆ. ಬರೆದವರು ಕಥೆಯ ಮೇಲೆ ತಮಗೆ ತೋಚಿದ ಗುರುತಿನ ಪದಗಳನ್ನು ಅಂಟಿಸಬಹುದು. ಒಬ್ಬರು ‘ಹಗೆಯಿಂದ ಒಲವಿಗೆ’ ಎಂದು ಬರೆದರೆ ಇನ್ನೊಬ್ಬರು ‘ಮೊದಲು ಜಗಳ, ಆಮೇಲೆ ಪ್ರೀತಿ’ ಎನ್ನಬಹುದು. ಎರಡೂ ಒಂದೇ ಎಂದು ನೋಡಿ, ತಾಳೆ ಹಾಕಿ, ಒಂದೇ ಕಂತೆಗೆ ಸೇರಿಸಲು ಸ್ವಯಂಸೇವಕರ ದಂಡೇ ಇದೆ. ಆರ್ನೆ ಮತ್ತು ಥಾಂಪ್ಸನ್ ವಿಶ್ವವಿದ್ಯಾಲಯದ ಮೇಜಿನ ಮೇಲೆ ಮಾಡಿದ ಕೆಲಸವನ್ನು ಇವರು ಸಂಬಳವಿಲ್ಲದೆ, ಮನೆಯಲ್ಲಿ ಕೂತು ಮಾಡುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಹಳ್ಳಿಯ ಅಜ್ಜಿ ತನ್ನ ಕಥೆಯ ವರ್ಗಸಂಖ್ಯೆ ಕೇಳಿ ಹೇಳಿದವಳಲ್ಲ. ಇಂದಿನ ಬರಹಗಾರ್ತಿ ಟ್ಯಾಗ್ ನೋಡಿಯೇ ಬರೆಯಲು ಕೂರುತ್ತಾಳೆ.

ಟ್ಯಾಗ್‌ಗಳು ಕೊನೆಯನ್ನೂ ಬಿಟ್ಟುಕೊಡುತ್ತವೆ. ‘ಮುಖ್ಯ ಪಾತ್ರದ ಸಾವು’ ಎಂಬ ಎಚ್ಚರಿಕೆ ಅಲ್ಲಿ ಕಥೆಯ ನೆತ್ತಿಯ ಮೇಲೇ ಇರುತ್ತದೆ. ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಇದು ಅಪಚಾರ. ಆದರೆ ನಮ್ಮ ಕಾವ್ಯಮೀಮಾಂಸೆಗೆ ಇದು ಹೊಸದೇನಲ್ಲ. ನಾಟ್ಯಶಾಸ್ತ್ರ ನಾಯಿಕೆಯರನ್ನು ಎಂಟು ಅವಸ್ಥೆಗಳಲ್ಲಿ ನಿಲ್ಲಿಸುತ್ತದೆ: ನಲ್ಲನಿಗಾಗಿ ಸಿಂಗರಿಸಿಕೊಂಡು ಕಾದವಳು ವಾಸಕಸಜ್ಜಿಕೆ, ಜಗಳವಾಡಿ ಕಳಿಸಿ ಆಮೇಲೆ ಕೊರಗುವವಳು ಕಲಹಾಂತರಿತೆ, ತಾನೇ ಹೊರಟವಳು ಅಭಿಸಾರಿಕೆ. ಅಗಲಿಕೆಯ ಶೃಂಗಾರದಲ್ಲಿ ಪೂರ್ವರಾಗ, ಮಾನ, ಪ್ರವಾಸ ಎಂದು ಮತ್ತೆ ಬಗೆಗಳಿವೆ. ಪೂರ್ವರಾಗವೆಂದರೆ ಸೇರುವ ಮೊದಲೇ ಹುಟ್ಟಿದ ಒಲವಿನ ತಳಮಳ. ಇಂದಿನವರು ಸ್ಲೋ ಬರ್ನ್, ಅಂದರೆ ನಿಧಾನವಾಗಿ ಹೊತ್ತಿಕೊಳ್ಳುವ ಒಲವು ಎಂದು ಟ್ಯಾಗ್ ಹಾಕಿ ಲಕ್ಷ ಪದ ಬರೆಯುವುದು ಇದನ್ನೇ. ಮೈಸೂರಿನ ಯಾವುದೇ ಭರತನಾಟ್ಯ ತರಗತಿಯ ಹುಡುಗಿಯನ್ನು ಕೇಳಿ ನೋಡಿ, ಈ ಎಂಟೂ ಹೆಸರು ಬಾಯಲ್ಲಿರುತ್ತವೆ. ಪದ ಎಂಬ ಅಭಿನಯದ ಹಾಡಿಗೆ ಕುಣಿಯುವವಳು ಕಲಹಾಂತರಿತೆ ಎಂದು ಮೊದಲೇ ಹೇಳಿಬಿಟ್ಟರೆ ನೋಡುವವರ ಆಸಕ್ತಿ ಹೋಗುವುದಿಲ್ಲ, ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ಮೆಚ್ಚಿನ ಟ್ರೋಪ್‌ಗಳಲ್ಲಿ ಹಗೆಯಿಂದ ಒಲವಿಗೆ ಎಂಬುದಕ್ಕೆ ದೊಡ್ಡ ಗಿರಾಕಿ. ಅದು ಏಕೆ ಕೆಲಸ ಮಾಡುತ್ತದೆ? ಹಗೆ ಇರುವವರು ಒಬ್ಬರನ್ನೊಬ್ಬರು ತೀರ ಹತ್ತಿರದಿಂದ ಗಮನಿಸುತ್ತಾರೆ. ಎದುರಾಳಿಯ ನಡಿಗೆ, ಮಾತು, ಎಲ್ಲಿ ಹಿಡಿದರೆ ನೋಯುತ್ತದೆ ಎಂಬುದೆಲ್ಲ ಗೆಳೆಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಲವಿಗೆ ಬೇಕಾದ ಗಮನ ಆಗಲೇ ಇದೆ, ಅದರ ದಿಕ್ಕು ತಿರುಗಬೇಕಷ್ಟೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದ ಆ ಕಾಲುವೆಯ ನೀರು ಕೊನೆಯ ಗದ್ದೆಗಳಿಗೆ ತಲುಪುವುದೇ ಕಷ್ಟ. ಸರದಿ ನೀರಿನ ರಾತ್ರಿ ತೂಬು ತಿರುಗಿಸಿದರೆಂದು ಎರಡು ಮನೆಗೂ ಮಾತಿಲ್ಲ. ಅಪ್ಪ ತೀರಿಕೊಂಡ ಮೇಲೆ ಬೇಸಾಯ ತಾನೇ ನೋಡುತ್ತಿರುವ ಮಗಳು ಒಂದು ಕಡೆ, ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ ಇನ್ನೊಂದು ಕಡೆ. ಟಾರ್ಚು ಹಿಡಿದು ತೂಬು ಕಾಯುವ ರಾತ್ರಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಈ ಕಥೆ ಎಲ್ಲಿಗೆ ಹೋಗುತ್ತದೆಂದು ನಿಮಗೆ ಆಗಲೇ ಗೊತ್ತಾಯಿತು. ಆದರೂ ಮೊದಲ ಸಲ ಅವಳು ತನ್ನ ಸರದಿಯ ಅರ್ಧ ಗಂಟೆಯನ್ನು ಅವನ ಗದ್ದೆಗೆ ಬಿಡುವುದು ಯಾವಾಗ ಎಂದು ನೋಡಬೇಕೆನಿಸುತ್ತದೆ.

ಇಲ್ಲಿ ಎರಡು ಕಟ್ಟಳೆಗಳಿವೆ. ಹಗೆಗೆ ನಿಜವಾದ ಕಾರಣ ಇರಬೇಕು. ಬಸ್ಸಿನಲ್ಲಿ ಡಿಕ್ಕಿ ಹೊಡೆದು ಪುಸ್ತಕ ಬಿದ್ದದ್ದು ಹಗೆಯಲ್ಲ. ಆ ಕಾರಣ ಕ್ಷಮಿಸಬಹುದಾದದ್ದೂ ಆಗಿರಬೇಕು. ನೀರಿನ ಜಗಳವನ್ನು ಮರೆಯಬಹುದು. ಜಾತಿಯ ಹೆಸರಿನಲ್ಲಿ ಒಬ್ಬರ ಮನೆಗೆ ಬೆಂಕಿ ಇಟ್ಟವರ ಮಗನನ್ನು ಒಂದು ಮಳೆಯ ದೃಶ್ಯದಲ್ಲಿ ನಾಯಕನನ್ನಾಗಿ ಮಾಡಹೊರಟರೆ ಬರೆದವರ ಮೇಲೇ ಸಿಟ್ಟು ಬರುತ್ತದೆ. ನಮ್ಮ ಸಿನಿಮಾಗಳಲ್ಲಿ ಬಹುಕಾಲ ನಡೆದ ‘ಜಂಬದ ಹುಡುಗಿಗೆ ಬುದ್ಧಿ ಕಲಿಸುವ’ ಕಥೆಯನ್ನು ಈ ಟ್ರೋಪ್‌ನ ತಮ್ಮ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಬದಲಾಗುವವಳು ಅವಳೊಬ್ಬಳೇ, ಅವನು ಮೊದಲ ರೀಲಿನಲ್ಲಿ ಹೇಗಿದ್ದನೋ ಕೊನೆಯಲ್ಲೂ ಹಾಗೇ. ಇಬ್ಬರೂ ಒಂದೊಂದು ಹೆಜ್ಜೆ ಕದಲದಿದ್ದರೆ ಅದು ಒಲವಿನ ಕಥೆಯಲ್ಲ, ಗೆದ್ದವನ ಕಥೆ.

ತೋರಿಕೆಯ ಮದುವೆ ಇನ್ನೊಂದು. ನಮ್ಮ ಟಿವಿ ಧಾರಾವಾಹಿಗಳಲ್ಲೂ ಮೊಬೈಲಿನಲ್ಲಿ ಓದುವ ಕಂತಿನ ಕಾದಂಬರಿಗಳಲ್ಲೂ ಇದರ ಹಾವಳಿ ಹೇಳತೀರದು: ಆಸ್ತಿಗೋ ತಾತನ ಕೊನೆಯ ಆಸೆಗೋ ಒಂದು ವರ್ಷದ ಒಪ್ಪಂದ, ಷರತ್ತುಗಳ ಪತ್ರ, ಆಮೇಲೆ ಷರತ್ತು ಮುರಿಯುವ ಸರದಿ. ಗಂಡ ಹೆಂಡತಿಯ ವೇಷ ಹಾಕಿದ್ದರಿಂದ ಅವರು ಪ್ರೀತಿಯ ಮಾತುಗಳನ್ನು ಬಾಯಿಬಿಟ್ಟು ಆಡಲೇಬೇಕು, ಆಡಿದ್ದು ಸುಳ್ಳೆಂದು ಅಂದುಕೊಳ್ಳಲೂಬೇಕು. ನಾಚಿಕೆಯ ಜನಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಇದರ ಜೊತೆಗೇ ಪಶ್ಚಿಮದ ಫ್ಯಾನ್ ಕಥೆಗಳಲ್ಲಿ ‘ಒಂದೇ ಹಾಸಿಗೆ’ ಎಂಬ ಟ್ರೋಪ್ ಬರುತ್ತದೆ. ಹಿಮಪಾತ, ದಾರಿಬದಿಯ ಛತ್ರ, ಖಾಲಿ ಇರುವುದು ಒಂದೇ ಕೋಣೆ, ಅದರಲ್ಲಿ ಒಂದೇ ಮಂಚ. ಅದನ್ನು ಹಾಗೇ ಎತ್ತಿ ಮಂಡ್ಯದ ಕೂಡುಕುಟುಂಬಕ್ಕೆ ತಂದಿಟ್ಟರೆ ನಗು ಬರುತ್ತದೆ. ಮದುವೆ ಮನೆಯಲ್ಲಿ ಮೂವತ್ತು ಜನ ಹಜಾರದ ತುಂಬ ಜಮಖಾನೆ ಹಾಸಿ ಮಲಗುವ ಕಡೆ ಒಬ್ಬರ ಪಕ್ಕ ಒಬ್ಬರು ಮಲಗುವುದರಲ್ಲಿ ಏನು ವಿಶೇಷ? ಪ್ರತಿ ಊರಿನಲ್ಲೂ ಪ್ರೇಮಕಥೆ ಬೆಳೆಯುವುದು ಅಲ್ಲಿ ಅಪರೂಪವಾದದ್ದರ ಸುತ್ತ. ಒಂಟಿ ಕೋಣೆಗಳ ಊರಿನಲ್ಲಿ ಹತ್ತಿರವಾಗುವುದು ಅಪರೂಪ; ನಮ್ಮಲ್ಲಿ ಏಕಾಂತ ಅಪರೂಪ. ಆದ್ದರಿಂದ ಇಲ್ಲಿ ಅದೇ ಕೆಲಸ ಮಾಡುವ ದೃಶ್ಯ ಬೇರೆ: ಎಲ್ಲರೂ ಜಾತ್ರೆಗೆ ಹೋಗಿ ಮನೆ ಖಾಲಿಯಾದ ಹತ್ತು ನಿಮಿಷ, ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ನಿಂತದ್ದು, ಅಷ್ಟರಲ್ಲಿ ಮರೆತ ಹೂವಿನ ಬುಟ್ಟಿಗೆ ಅತ್ತೆ ವಾಪಸು ಬಂದದ್ದು. ಟ್ರೋಪ್ ಊರಿಂದೂರಿಗೆ ನಡೆದು ಬರುವಾಗ ಬಟ್ಟೆ ಬದಲಿಸುವುದು ಹೀಗೆ.

ಜೋಡಿ ಕಟ್ಟುವ ಚಟ, ಅಭಿಮಾನಿಗಳ ಮಾತಿನಲ್ಲಿ ಶಿಪ್ಪಿಂಗ್, ಮೈಸೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಪುರಾಣದಲ್ಲಿ ಚಾಮುಂಡಿ ಮಹಿಷನನ್ನು ಕೊಂದ ಉಗ್ರದೇವತೆ, ಅಲ್ಲಿಗೆ ಕಥೆ ಮುಗಿಯಿತು. ಬೆಟ್ಟದ ಸುತ್ತಲಿನ ಜನಪದರಿಗೆ ಅಷ್ಟು ಸಾಕಾಗಲಿಲ್ಲ. ನಂಜನಗೂಡಿನ ನಂಜುಂಡನಿಗೆ ಮನೆಯಲ್ಲಿ ದೇವೀರಿ ಇದ್ದರೂ ಅವನು ಬೆಟ್ಟದ ಚಾಮುಂಡಿಗೆ ಮನಸೋತ ಎಂದು ಹಾಡು ಕಟ್ಟಿದರು. ಅಸುರನ ಒಂದೊಂದು ಹನಿ ರಕ್ತಕ್ಕೂ ಒಬ್ಬೊಬ್ಬ ಅಸುರ ಏಳುವಾಗ ನಾಲಿಗೆ ಚಾಚಿ ನಿಂತು ನೆರವಾದ ಉತ್ತನಹಳ್ಳಿ ಮಾರಿಯನ್ನು ತಂಗಿಯಾಗಿ ಕೂರಿಸಿದರು. ಆಮೇಲೆ ಸವತಿ ಮಾತ್ಸರ್ಯ, ಮುನಿಸು, ಹಂಗಿನ ಮಾತು ಎಲ್ಲ ಬಂದವು. ಮೂಲದಲ್ಲಿ ಜೋಡಿಯೇ ಅಲ್ಲದ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಆಗ ಇವಳು ಏನೆನ್ನುತ್ತಾಳೆ ಎಂದು ಕೇಳುವ ಅದೇ ಆಸೆ ಕರ್ಕ್ ಮತ್ತು ಸ್ಪಾಕ್ ಕಥೆ ಬರೆದವರಲ್ಲೂ ಇತ್ತು. ಭಕ್ತಿಗೆ ಇದರಿಂದ ಕುಂದು ಬಂತೆಂದು ಯಾರೂ ದೂರಿದಂತಿಲ್ಲ.

ಒಂದು ಕಥೆಯ ಪಾತ್ರ ಇನ್ನೊಂದು ಕಥೆಗೆ ನುಗ್ಗುವುದಕ್ಕೆ ಕ್ರಾಸೋವರ್ ಎನ್ನುತ್ತಾರೆ. ಅದಕ್ಕೂ ಈ ನೆಲದಲ್ಲಿ ಒಳ್ಳೆಯ ಪರಂಪರೆ ಇದೆ. ಮೇಲುಕೋಟೆಯ ಐತಿಹ್ಯದ ಪ್ರಕಾರ ಉತ್ಸವಮೂರ್ತಿಯನ್ನು ದೆಹಲಿಗೆ ಒಯ್ದಿದ್ದರು, ಸುಲ್ತಾನನ ಮಗಳು ಅದನ್ನು ಮುದ್ದಿನಿಂದ ಇಟ್ಟುಕೊಂಡಿದ್ದಳು. ರಾಮಾನುಜರು ಹೋಗಿ ಚೆಲುವಪಿಳ್ಳೆ ಎಂದು ಕರೆದಾಗ ಮೂರ್ತಿ ಅವರ ಮಡಿಲಿಗೆ ಬಂತು, ಅಗಲಿರಲಾರದ ರಾಜಕುಮಾರಿ ಹಿಂದೆಯೇ ಬಂದು ದೇವರಲ್ಲಿ ಐಕ್ಯಳಾದಳು. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಅವಳಿಗೆ ಅಲ್ಲಿ ಇಂದಿಗೂ ಪೂಜೆಯಿದೆ. ಚರಿತ್ರೆಯ ಲೆಕ್ಕ ಹಿಡಿದರೆ ಸಂಪ್ರದಾಯ ಹೇಳುವ ರಾಮಾನುಜರ ಕಾಲ 1017ರಿಂದ 1137, ದೆಹಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಹಾಗೆಯೇ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ, ತನಗಿಂತ ಹಿಂದಿನ 12ನೆಯ ಶತಮಾನದ ಕಲ್ಯಾಣಕ್ಕೆ ನಡೆದು ಹೋಗಿ, ಕೊಳಕು ವೇಷದಲ್ಲಿ ಬಾಗಿಲಲ್ಲಿ ನಿಂತು ಬಸವಣ್ಣನವರನ್ನು ಪರೀಕ್ಷಿಸುತ್ತಾನೆ. ಕಾಲದ ತಪ್ಪು ಕೇಳುವವರಿಗೂ ಹಾಡುವವರಿಗೂ ಅಡ್ಡಿಯಾಗಿಲ್ಲ. ಎರಡು ದೊಡ್ಡ ಶಕ್ತಿಗಳು ಎದುರಾಗಲೇಬೇಕೆಂಬ ಹಸಿವು ದೊಡ್ಡದು, ಪಂಚಾಂಗ ಚಿಕ್ಕದು.

ಅದೇ ಮಂಟೇಸ್ವಾಮಿಯ ಕಾವ್ಯ ‘ಕಟ್ಟಿಕೊಂಡ ಕುಟುಂಬ’ಕ್ಕೂ ಒಳ್ಳೆಯ ಉದಾಹರಣೆ. ರಾಚಪ್ಪಾಜಿ, ದೊಡ್ಡಮ್ಮತಾಯಿ, ಚೆನ್ನಾಜಮ್ಮ, ಸಿದ್ದಪ್ಪಾಜಿ: ಬೇರೆ ಬೇರೆ ಕಡೆಯಿಂದ ಬಂದವರು ಒಬ್ಬ ಗುರುವಿನ ಹಿಂದೆ ಒಂದಾಗುತ್ತಾರೆ. ಮದ್ದೂರು ಕಡೆಯ ನಿಡಘಟ್ಟದ ಕೆಂಪಾಚಾರಿ ಹೆತ್ತವರನ್ನು ಬಿಟ್ಟು ಸಿದ್ದಪ್ಪಾಜಿಯಾಗುವುದು, ಮಳವಳ್ಳಿ ಸೀಮೆಯ ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೋಗಿ ಪಾಂಚಾಳರ ಕೈಯಲ್ಲಿ ಪಾಡುಪಡುವುದು ಎಲ್ಲವೂ ಪ್ರಾಪ್ ಹೇಳಿದ ಕಠಿಣ ಪರೀಕ್ಷೆಯ ಅಚ್ಚಿಗೆ ಸರಿಯಾಗಿ ಕೂರುತ್ತವೆ. ಆದರೆ ಇಲ್ಲೊಂದು ಕಹಿಯೂ ಇದೆ: ಹೊಸ ಮನೆ ಸಿಗಬೇಕಾದರೆ ಹಳೆಯ ಮನೆಯನ್ನು ಕಳೆದುಕೊಳ್ಳಬೇಕು, ಅದೂ ಅಳುವ ತಾಯಿಯ ಎದುರಿಗೆ. ಇಂದಿನ ಅನೇಕ ಕಥೆಗಳು ಆ ಬೆಲೆಯನ್ನು ಕೊಡದೆಯೇ ಎಲ್ಲರನ್ನೂ ಒಂದು ಊಟದ ಮೇಜಿನ ಸುತ್ತ ಕೂರಿಸಿ ನಗಿಸಿಬಿಡುತ್ತವೆ. ಅವು ಓದಲು ಹಿತ, ನೆನಪಿನಲ್ಲಿ ಉಳಿಯುವುದಿಲ್ಲ.

ಫ್ಯಾನ್ ಲೋಕದಲ್ಲಿ ಎಲ್ಲರೂ ನಗುವ ಟ್ರೋಪ್ ಒಂದಿದೆ: ಮೇರಿ ಸ್ಯೂ. 1973ರಲ್ಲಿ ಪೌಲಾ ಸ್ಮಿತ್ ಎಂಬವರು ಅಭಿಮಾನಿ ಪತ್ರಿಕೆಯೊಂದರಲ್ಲಿ ಬರೆದ ಅಣಕದ ಕಥೆಯಿಂದ ಆ ಹೆಸರು ಬಂತು. ಲೇಖಕರೇ ವೇಷ ಮರೆಸಿ ಕಥೆಯೊಳಗೆ ಹೊಕ್ಕು, ಎಲ್ಲರಿಗಿಂತ ಚಿಕ್ಕವಯಸ್ಸಿನ, ಎಲ್ಲರಿಗಿಂತ ಜಾಣ, ಎಲ್ಲರ ಮೆಚ್ಚಿನ ಪಾತ್ರವಾಗುವ ಚಪಲದ ಗೇಲಿ ಅದು. ಇದನ್ನು ಓದುವಾಗಲೆಲ್ಲ ನನಗೆ 941ರ ಪಂಪನ ನೆನಪಾಗುತ್ತದೆ. ಅವನು ತನ್ನ ಒಡೆಯ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ ಭಾರತ ಬರೆದ. ಒಡೆಯನ ಮರ್ಯಾದೆಗೆ ತಕ್ಕಂತೆ ದ್ರೌಪದಿ ಐವರಿಗಲ್ಲ, ಅರ್ಜುನನೊಬ್ಬನಿಗೇ ಹೆಂಡತಿಯಾದಳು. ಮೂಲದ ಕಥೆಯನ್ನು ಇಷ್ಟು ಧೈರ್ಯವಾಗಿ ತಿದ್ದಿದ್ದು ಕಂಡರೆ ಇಂದಿನ ಅಭಿಮಾನಿ ಬರಹಗಾರರೂ ಒಂದು ಕ್ಷಣ ಅಳುಕುತ್ತಾರೆ. ಆದರೂ ಅದು ಮೇರಿ ಸ್ಯೂ ಆಗಲಿಲ್ಲ. ಏಕೆಂದರೆ ಕವಿಯ ಮನಸ್ಸು ಒಡೆಯನ ಎದುರಾಳಿಯ ಕಡೆ ವಾಲಿತು. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಅವನೇ ಬಾಯಿಬಿಟ್ಟು ಹೇಳಿದ. ರನ್ನನದೂ ಅದೇ ಪಾಡು: ಒಡೆಯ ಭೀಮ, ಓದಿದವರ ಎದೆಯಲ್ಲಿ ಉಳಿದವನು ದುರ್ಯೋಧನ. ನಮ್ಮ ಹಳ್ಳಿ ನಾಟಕದಲ್ಲಿ ದುರ್ಯೋಧನನ ಪಾತ್ರ ದುಬಾರಿಯಾದದ್ದರ ಬೇರು ಇಲ್ಲೆಲ್ಲೋ ಇರಬೇಕು.

ಕರ್ಣ, ದುರ್ಯೋಧನ ಇಬ್ಬರನ್ನೂ ಇಟ್ಟುಕೊಂಡೇ ಇನ್ನೊಂದು ಟ್ರೋಪ್ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಬದಲಿ ಲೋಕ, ಅಂದರೆ ಪಾತ್ರಗಳನ್ನು ಅವರ ಯುದ್ಧ, ಮಾಯೆ, ರಾಜ್ಯಗಳಿಂದ ಎತ್ತಿ ಸಾಮಾನ್ಯ ಬದುಕಿಗೆ ತಂದು ಹಾಕುವುದು. ಪಶ್ಚಿಮದಲ್ಲಿ ಕಾಫಿ ಅಂಗಡಿ ಇದಕ್ಕೆ ಮೆಚ್ಚಿನ ಜಾಗ. ನಾವು ಮಂಡ್ಯಕ್ಕೆ ತರೋಣ. ಸೂತ ಎಂದರೆ ರಥ ಹೊಡೆಯುವವನು. ಹಾಗಾದರೆ ಕರ್ಣ ಲಾರಿ ಡ್ರೈವರನ ಸಾಕುಮಗ. ದುರ್ಯೋಧನ ಅಕ್ಕಿ ಗಿರಣಿ ಮಾಲೀಕನ ಹಿರಿಯ ಮಗ, ಅವನ ಚಿಕ್ಕಪ್ಪನ ಮಕ್ಕಳ ಜೊತೆ ಆಸ್ತಿ ವ್ಯಾಜ್ಯ. ದಸರಾ ಕುಸ್ತಿಯ ಅಖಾಡದಲ್ಲಿ ಅರ್ಜುನನ ಎದುರು ಜೊತೆ ಕಟ್ಟಲು ಕರ್ಣ ಮುಂದೆ ಬಂದಾಗ ಯಾರೋ ಹಿರಿಯರು ಯಾವ ಗರಡಿ, ಯಾರ ಮಗ ಎಂದು ಕೇಳುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ದುರ್ಯೋಧನ ಎದ್ದು ನಿಂತು, ಇವನು ನಮ್ಮ ಗರಡಿಯವನು ಎಂದು ಹೇಳಿ, ಮರುದಿನವೇ ಅವನನ್ನು ಸಹಕಾರ ಸಂಘದ ನಿರ್ದೇಶಕನನ್ನಾಗಿ ಮಾಡಿಸುತ್ತಾನೆ. ಅಂಗರಾಜ್ಯ ಹೋಗಿ ಸೊಸೈಟಿಯ ಕುರ್ಚಿ ಬಂತು, ಕುಂಡಲ ಕವಚ ಹೋದವು. ಆದರೆ ಉಪ್ಪಿನ ಋಣ ಹೋಗಲಿಲ್ಲ, ಅವಮಾನ ಹೋಗಲಿಲ್ಲ, ಸಭೆಯ ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಗೊತ್ತಿದ್ದೂ ಬಾಯಿ ಬಿಡದ ಕುಂತಿ ಹೋಗಲಿಲ್ಲ. ಬದಲಿ ಲೋಕದ ಉಪಯೋಗ ಇದು: ಏನನ್ನು ತೆಗೆದರೂ ಪಾತ್ರ ಉಳಿಯುತ್ತದೆ, ಏನನ್ನು ತೆಗೆದರೆ ಸಾಯುತ್ತದೆ ಎಂಬುದು ಗೊತ್ತಾಗುತ್ತದೆ. ಕರ್ಣನಿಗೆ ಬಿಲ್ಲು ಬೇಕಿಲ್ಲ, ಹೆಸರು ಹೇಳಲಾಗದ ಆ ಒಂದು ಗಳಿಗೆ ಬೇಕು. ಅದನ್ನೂ ತೆಗೆದು, ಕುಂತಿ ಅಖಾಡದಲ್ಲೇ ಎದ್ದು ನನ್ನ ಮಗ ಎಂದುಬಿಟ್ಟಳೆಂದು ಬರೆದರೆ ಅದು ‘ಸರಿಪಡಿಸುವ ಕಥೆ’ಯೆಂಬ ಇನ್ನೊಂದು ಬಗೆ. ಮೂಲದ ಗಾಯಕ್ಕೆ ಮುಲಾಮು ಹಚ್ಚುವ ಆ ಕಥೆಗಳನ್ನು ಅಭಿಮಾನಿಗಳು ಬಲು ಆಸೆಯಿಂದ ಓದುತ್ತಾರೆ. ನಾನೂ ಓದುತ್ತೇನೆ, ಆಮೇಲೆ ಮೂಲಕ್ಕೇ ಮರಳುತ್ತೇನೆ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ಪುರಾಣದ ಪಾತ್ರಗಳು ಎಲ್ಲರವು, ಆದರೆ ಈಚಿನ ಲೇಖಕರ ಕೃತಿಗೆ ಭಾರತದಲ್ಲಿ ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಆದ್ದರಿಂದ ಮಾರಾಟದ ಮಾತು ಬಂದಾಗ ಎಚ್ಚರ ಬೇಕು.

ಶಾಪವೂ ಒಂದು ಟ್ರೋಪ್, ಅದರಲ್ಲಿ ಮೈಸೂರನ್ನು ಮೀರಿಸುವವರಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಮಡದಿ ಅಲಮೇಲಮ್ಮ ಒಡವೆಗಳೊಂದಿಗೆ ಹೊಳೆಗೆ ಹಾರುವಾಗ ಶಪಿಸಿದಳೆಂಬ ಕಥೆ ಇಲ್ಲಿ ಮಕ್ಕಳಿಗೂ ಬಾಯಿಪಾಠ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಮೂರು ಮಾತುಗಳ ಕಟ್ಟನ್ನು ಗಮನಿಸಿ. ಮೊದಲೆರಡು ನೆಲದ ಮೇಲೆ ಕಣ್ಣಾರೆ ಕಾಣುವಂಥವು. ಕಾವೇರಿಯ ತಿರುವಿನಲ್ಲಿ ಗಾಳಿ ತಂದ ಮರಳಿನಡಿ ಹೂತ ಗುಡಿಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಅವೆರಡನ್ನು ನೋಡಿ ನಂಬಿದವರು ಮೂರನೆಯದನ್ನು ನಂಬಲು ಸಿದ್ಧರಾಗುತ್ತಾರೆ. ಅರಮನೆಯಲ್ಲಿ ದತ್ತು ನಡೆದಾಗಲೆಲ್ಲ ಕಥೆಗೆ ಹೊಸ ಕಂತು ಸೇರಿತು, ಮಕ್ಕಳಾದ ತಲೆಮಾರುಗಳನ್ನು ಕಥೆ ತಾನಾಗಿಯೇ ದಾಟಿಕೊಂಡು ಹೋಯಿತು. ಮಾತು ಒಮ್ಮೆ ಕೊಟ್ಟ ಮೇಲೆ ಕೇಳುವವರೇ ಅದನ್ನು ಉಳಿಸಿಕೊಡುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಟ್ರೋಪ್ ಕೆಡುವುದು ಯಾವಾಗ? ಪುನರಾವರ್ತನೆಯಿಂದ ಕೆಡುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಪಾತ್ರವನ್ನು ಬಗ್ಗಿಸಿ ಟ್ರೋಪ್‌ಗೆ ತುರುಕಿದಾಗ ಕೆಡುತ್ತದೆ: ಇಡೀ ಕಥೆಯಲ್ಲಿ ಚುರುಕಾಗಿದ್ದ ಹೆಣ್ಣು, ತಪ್ಪು ತಿಳಿವಳಿಕೆಯ ಟ್ರೋಪ್ ಬೇಕೆಂಬ ಒಂದೇ ಕಾರಣಕ್ಕೆ, ಒಂದು ಫೋನ್ ಕರೆ ಮಾಡದೆ ಆರು ತಿಂಗಳು ಕಣ್ಣೀರಿಡುತ್ತಾಳೆ. ಸಾಲ ಮಾಡದೆ ತೀರಿಸಹೊರಟಾಗಲೂ ಕೆಡುತ್ತದೆ: ಮುಂಚೆ ಸುಳಿವೇ ಇಲ್ಲದ ಅವಳಿ ತಮ್ಮ ಕೊನೆಯ ಕಂತಿನಲ್ಲಿ ದಿಢೀರನೆ ಬಾಗಿಲು ತಟ್ಟುತ್ತಾನೆ.

ತಡ ಮಾಡುವುದರಲ್ಲೂ ಎರಡು ಬಗೆ. ಒಳ್ಳೆಯ ಸ್ಲೋ ಬರ್ನ್‌ನಲ್ಲಿ ಪ್ರತಿ ತಡೆಯೂ ಇಬ್ಬರಲ್ಲಿ ಏನನ್ನೋ ಬದಲಿಸಿರುತ್ತದೆ. ಹತ್ತನೆಯ ಅಧ್ಯಾಯದಲ್ಲಿ ತೂಬಿನ ಬಳಿ ನಿಂತವಳು ಮೊದಲ ಅಧ್ಯಾಯದವಳಲ್ಲ. ಅಂದು ಬೈದು ಹೋಗಿದ್ದ ಮಾತನ್ನೇ ಇಂದು ಆಡಿದರೂ ಅದರ ಅರ್ಥ ಬೇರೆ. ಸಂಜೆಯ ಧಾರಾವಾಹಿಯ ತಡ ಹಾಗಲ್ಲ. ಅಲ್ಲಿ ಸತ್ಯ ಹೇಳಲು ಬಾಯಿ ತೆರೆದ ಕೂಡಲೇ ಕರೆಗಂಟೆ ಬಾರಿಸುತ್ತದೆ, ಮೂರು ಮುಖಗಳು ಮೂರು ಸಲ ತಿರುಗುತ್ತವೆ, ಜಾಹೀರಾತು ಬರುತ್ತದೆ, ಮರುದಿನ ಬಾಗಿಲಲ್ಲಿ ನಿಂತವನು ಕೊರಿಯರ್ ಹುಡುಗ.